ಲೈವ್ ಕ್ಲಾಸಾ, ರೆಕಾರ್ಡಿಂಗಾ, ಗುಂಪು ಕೆಲಸವಾ? ಒಬ್ಬರಿಗೊಬ್ಬರು ಸಿಗುವಂಥ ಆನ್‌ಲೈನ್ ಕೋರ್ಸ್ ಕಟ್ಟುವವರಿಗೆ

ವಿಶ್ವವಿದ್ಯಾಲಯದಲ್ಲಿ ಆನ್‌ಲೈನ್ ಕೋರ್ಸ್ ಶುರು ಮಾಡೋಣ ಅಂದ ಕೂಡಲೇ ಮಾತು ತಂತ್ರಾಂಶದ ಕಡೆಗೆ ಹೋಗಿಬಿಡುತ್ತದೆ. ಝೂಮ್ ಸಾಕಾ, ಟೀಮ್ಸ್ ಬೇಕಾ, ಮೂಡಲ್ ಹಾಕೋಣವಾ, ಮೈಕ್ ಯಾವುದು ತರಿಸೋಣ. ಇವೆಲ್ಲ ಆಮೇಲಿನ ಮಾತು. ಮೊದಲು ಒಂದು ಪ್ರಶ್ನೆಗೆ ಉತ್ತರ ಹುಡುಕಿ: ನಿಮ್ಮ ಕೋರ್ಸಿನ ಒಬ್ಬ ವಿದ್ಯಾರ್ಥಿ ಎರಡು ವಾರ ಸದ್ದಿಲ್ಲದೆ ಮಾಯವಾದರೆ ಅದು ಯಾರಿಗೆ ಗೊತ್ತಾಗುತ್ತದೆ, ಎಷ್ಟು ದಿನಕ್ಕೆ ಗೊತ್ತಾಗುತ್ತದೆ?

ಕ್ಯಾಂಪಸ್ಸಿನಲ್ಲಿ ಇದಕ್ಕಾಗಿ ಯಾರೂ ಏನೂ ಮಾಡಬೇಕಾಗಿಲ್ಲ. ಪಕ್ಕದ ಜಾಗ ಖಾಲಿ ಇದ್ದರೆ ಕಾಣುತ್ತದೆ. "ಅವಳು ಎಲ್ಲಿ, ಮೂರು ದಿನದಿಂದ ಬಂದಿಲ್ಲ" ಅಂತ ಯಾರೋ ಕೇಳುತ್ತಾರೆ. ಆನ್‌ಲೈನಿನಲ್ಲಿ ಖಾಲಿ ಜಾಗವೇ ಇಲ್ಲ. ಯಾರಾದರೂ ಗಮನಿಸಬೇಕು ಅಂದರೆ ಆ ವ್ಯವಸ್ಥೆಯನ್ನು ನಾವೇ ಕೋರ್ಸಿನೊಳಗೆ ಇಡಬೇಕು. ಕೆಳಗಿನ ಆಯ್ಕೆಗಳನ್ನೆಲ್ಲ ನಾನು ಇದೊಂದೇ ಅಳತೆಗೋಲಿನಲ್ಲಿ ಅಳೆದಿದ್ದೇನೆ. ಹಾಗಾಗಿ ಕೆಲವು ಕಡೆ ನನ್ನ ತೀರ್ಪು ಒಂದು ಪಕ್ಕಕ್ಕೆ ವಾಲಿದೆ. ಅದನ್ನು ಮುಚ್ಚಿಡೋದಿಲ್ಲ.

ಮೂರರಲ್ಲಿ ಯಾವುದು?

ದೂರಶಿಕ್ಷಣದ ಬಗ್ಗೆ ತುಂಬಾ ಯೋಚಿಸಿದ ಮೈಕೆಲ್ ಮೂರ್ 1989ರಲ್ಲಿ ಒಂದು ಸರಳ ವಿಂಗಡಣೆ ಕೊಟ್ಟರು. ವಿದ್ಯಾರ್ಥಿಗೆ ಮೂರು ಬಗೆಯ ಒಡನಾಟ ಇರುತ್ತದೆ: ಪಾಠದ ಜೊತೆ, ಅಧ್ಯಾಪಕರ ಜೊತೆ, ಜೊತೆಯವರ ಜೊತೆ. 2003ರಲ್ಲಿ ಟೆರ್ರಿ ಆಂಡರ್ಸನ್ ಇದನ್ನು ಇನ್ನೊಂದು ಹೆಜ್ಜೆ ಮುಂದಕ್ಕೆ ಒಯ್ದರು. ಈ ಮೂರರಲ್ಲಿ ಒಂದಾದರೂ ಗಟ್ಟಿಯಾಗಿದ್ದರೆ ಸಾಕು, ಉಳಿದೆರಡು ತೆಳ್ಳಗಿದ್ದರೂ, ಇಲ್ಲದೇ ಹೋದರೂ ಆಳವಾದ ಕಲಿಕೆ ನಡೆಯಬಹುದು ಅನ್ನೋದು ಅವರ ವಾದ.

ಕೋರ್ಸ್ ಕಟ್ಟುವವರಿಗೆ ಇದು ದೊಡ್ಡ ನೆಮ್ಮದಿ. ಎಲ್ಲವನ್ನೂ ಮಾಡಬೇಕಾಗಿಲ್ಲ ಅಂತ ಆಯಿತಲ್ಲ. ಒಂದೇ ಕೋರ್ಸಿನಲ್ಲಿ ವಾರಕ್ಕೆರಡು ಲೈವ್ ಕ್ಲಾಸ್, ನಾಲ್ಕು ವಿಡಿಯೋ, ಬರೆದು ಚರ್ಚಿಸುವ ಒಂದು ಫೋರಂ, ಒಂದು ಗುಂಪು ಪ್ರಾಜೆಕ್ಟ್, ಮೇಲೊಂದು ಚಾಟ್ ಗುಂಪು ಅಂತ ಪೇರಿಸಿಟ್ಟು ಎಲ್ಲವನ್ನೂ ಅರ್ಧಂಬರ್ಧ ಮಾಡುವುದನ್ನು ನೋಡಿ ನೋಡಿ ಸಾಕಾಗಿದೆ.

ಆದರೆ ಆಂಡರ್ಸನ್ ಹೇಳಿದ್ದು ಕಲಿಕೆಯ ಬಗ್ಗೆ. ಒಡನಾಟವೇ ನಿಮ್ಮ ಗುರಿಯಾದರೆ ಮೊದಲನೆಯದು ಲೆಕ್ಕಕ್ಕೆ ಬರುವುದಿಲ್ಲ. ಎಷ್ಟೇ ಚೆಂದದ ವಿಡಿಯೋ ಇರಲಿ, ನೀವು ಬರಲಿಲ್ಲ ಅಂತ ಅದು ಯಾರನ್ನೂ ಕೇಳುವುದಿಲ್ಲ. ಹಾಗಾಗಿ ಉಳಿಯುವುದು ಎರಡೇ: ಅಧ್ಯಾಪಕರು ಗಮನಿಸುವ ಕೋರ್ಸ್, ಅಥವಾ ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ಗಮನಿಸುವ ಕೋರ್ಸ್. ಯಾವುದು ಅನ್ನೋದನ್ನು ಮೊದಲೇ ತೀರ್ಮಾನ ಮಾಡಿ. ಮಿಕ್ಕ ಆಯ್ಕೆಗಳು ಅದರ ಹಿಂದೆ ಬರುತ್ತವೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಆಂಡರ್ಸನ್, ರ‍್ಯಾಂಡಿ ಗ್ಯಾರಿಸನ್, ವಾಲ್ಟರ್ ಆರ್ಚರ್ ಮೂವರೂ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿದ್ದಾಗ 2000ನೇ ಇಸವಿಯಲ್ಲಿ 'ಕಮ್ಯುನಿಟಿ ಆಫ್ ಎನ್‌ಕ್ವಯರಿ' ಅನ್ನುವ ಚೌಕಟ್ಟು ಕೊಟ್ಟರು. ಒಟ್ಟಿಗೆ ಹುಡುಕಿ ಕಲಿಯುವ ಬಳಗ ಅಂತ ಅದರ ಅರ್ಥ. ಅದರಲ್ಲಿ ಜನರ ಇರವು (ಜೊತೆಗೆ ನಿಜವಾದ ಜನ ಇದ್ದಾರೆ ಅನ್ನಿಸುವುದು), ಯೋಚನೆಯ ಇರವು, ಕಲಿಸುವವರ ಇರವು ಅಂತ ಮೂರು ಇವೆ. ಮೂರೂ ಒಂದರ ಮೇಲೊಂದು ಹಾಯ್ದ ಕಡೆ ನಿಜವಾದ ಕಲಿಕೆ ಅಂತ ಅವರ ಚಿತ್ರ. ಇದರಿಂದ ನಾನು ತೆಗೆದುಕೊಳ್ಳುವುದು ಇಷ್ಟು: ಬರೀ ನಗು, ಇಮೋಜಿ, ಪರಿಚಯದ ಆಟಗಳಿಂದ ಕೋರ್ಸ್ ಬೆಚ್ಚಗಾಗುವುದಿಲ್ಲ. ಒಟ್ಟಿಗೆ ಕೂತು ಕಷ್ಟದ ಪ್ರಶ್ನೆಯೊಂದಕ್ಕೆ ತಲೆ ಕೆಡಿಸಿಕೊಂಡಾಗ ಆಗುವ ಪರಿಚಯ ಜಾಸ್ತಿ ದಿನ ಬಾಳುತ್ತದೆ.

ತಲೆ ಎಣಿಸಿ

ನಿಮ್ಮ ತರಗತಿಯಲ್ಲಿ ಎಷ್ಟು ಜನ? ಉತ್ತರ ಮೂವತ್ತರೊಳಗೆ ಇದ್ದರೆ ಅಧ್ಯಾಪಕರೇ ಗಮನಿಸುವ ಕೋರ್ಸ್ ಸಾಧ್ಯ. ಎಂಬತ್ತು ದಾಟಿದರೆ ಅದರ ಆಸೆ ಬಿಡಿ, ವಿದ್ಯಾರ್ಥಿಗಳ ಸಣ್ಣ ಗುಂಪುಗಳನ್ನು ಕಟ್ಟಿ. ನಡುವಿನವರದ್ದೇ ನಿಜವಾದ ಒದ್ದಾಟ.

ಎರಡು ತುದಿಗಳನ್ನು ನೋಡಿದರೆ ಗೊತ್ತಾಗುತ್ತದೆ. 2011ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಸೆಬಾಸ್ಟಿಯನ್ ಥ್ರುನ್ ಮತ್ತು ಪೀಟರ್ ನಾರ್ವಿಗ್ ಕೃತಕ ಬುದ್ಧಿಮತ್ತೆಯ ಕೋರ್ಸನ್ನು ಎಲ್ಲರಿಗೂ ತೆರೆದಿಟ್ಟಾಗ ಹೆಸರು ಕೊಟ್ಟವರು ಸುಮಾರು 1,60,000 ಜನ. ಮುಗಿಸಿದವರು 20,000ದ ಆಸುಪಾಸು. ಪಾಠ ಚೆನ್ನಾಗಿಯೇ ಇತ್ತು. ನಡುವೆ ಬಿಟ್ಟವರಿಗೆಲ್ಲ ಅವರದೇ ಕಾರಣಗಳಿದ್ದವು, ಬೇಜಾರಿನ ವಿಷಯ ಅಂದರೆ ಅಷ್ಟು ದೊಡ್ಡ ಗುಂಪಿನಲ್ಲಿ ಆ ಕಾರಣ ಏನು ಅಂತ ಕೇಳಲು ಯಾರಿಗೂ ಸಾಧ್ಯವಿರಲಿಲ್ಲ. ಇನ್ನೊಂದು ತುದಿಯಲ್ಲಿ ಮಿನರ್ವಾ ವಿಶ್ವವಿದ್ಯಾಲಯ ಇದೆ. ಮೊದಲ ತಂಡ ಸೇರಿದ್ದು 2014ರಲ್ಲಿ. ಎಲ್ಲ ತರಗತಿಯೂ ಆನ್‌ಲೈನ್ ಲೈವ್, ಒಂದರಲ್ಲಿ ಇಪ್ಪತ್ತಕ್ಕಿಂತ ಕಡಿಮೆ ಜನ, ಉಪನ್ಯಾಸವೇ ಇಲ್ಲ. ಯಾರು ಎಷ್ಟು ಹೊತ್ತು ಮಾತಾಡಿದ್ದಾರೆ ಅನ್ನೋದು ಅಧ್ಯಾಪಕರ ಪರದೆಯಲ್ಲೇ ಕಾಣುತ್ತದೆ. ಅಲ್ಲಿ ಅಡಗಿ ಕೂರಲು ಜಾಗವಿಲ್ಲ.

ಇವೆರಡರ ನಡುವಿನ ದಾರಿಯನ್ನು ಬ್ರಿಟನ್ನಿನ ಓಪನ್ ಯೂನಿವರ್ಸಿಟಿ ಇಂಟರ್ನೆಟ್ ಬರುವ ಎಷ್ಟೋ ಮೊದಲೇ ಹಾಕಿತ್ತು. 1971ರಲ್ಲಿ ಅಲ್ಲಿ ಪಾಠ ಶುರುವಾದಾಗ ಪಠ್ಯ ಅಂಚೆಯಲ್ಲಿ ಬರುತ್ತಿತ್ತು, ಕಾರ್ಯಕ್ರಮ ಬಿಬಿಸಿಯಲ್ಲಿ ಬರುತ್ತಿತ್ತು. ಅದು ಎಲ್ಲರಿಗೂ ಒಂದೇ. ಆದರೆ ಪ್ರತಿ ವಿದ್ಯಾರ್ಥಿಗೂ ಒಬ್ಬ ಟ್ಯೂಟರ್. ಅಸೈನ್‌ಮೆಂಟ್ ಓದಿ ಪಕ್ಕದಲ್ಲಿ ಟಿಪ್ಪಣಿ ಬರೆದು ವಾಪಸ್ ಕಳಿಸುವವರು ಅವರೇ. ಪಾಠವನ್ನು ಸಾವಿರಾರು ಜನರಿಗೆ ಒಟ್ಟಿಗೆ ಕೊಡಿ, ಮನುಷ್ಯರನ್ನು ಮಾತ್ರ ಸಣ್ಣ ಲೆಕ್ಕದಲ್ಲಿ ಹಂಚಿ: ಈ ಸೂತ್ರ ಇವತ್ತಿಗೂ ಕೆಲಸ ಮಾಡುತ್ತದೆ. ನಿಮ್ಮ ವಿಭಾಗದ ಬಳಿ ದುಡ್ಡು ಸ್ವಲ್ಪವೇ ಇದ್ದರೆ ಅದನ್ನು ಸ್ಟುಡಿಯೋಗೆ ಹಾಕಬೇಡಿ, ಟ್ಯೂಟರ್‌ಗಳಿಗೆ ಹಾಕಿ.

ಲೈವ್ ಮತ್ತು ರೆಕಾರ್ಡಿಂಗ್

ಲೈವ್ ಅಂದರೆ ಹತ್ತಿರ, ರೆಕಾರ್ಡಿಂಗ್ ಅಂದರೆ ದೂರ ಅನ್ನುವ ನಂಬಿಕೆ ಬಹಳ ಜನರಿಗಿದೆ. 2020ರಲ್ಲಿ ಲಾಕ್‌ಡೌನ್ ಬಂದಾಗ ತರಗತಿಯನ್ನು ಹಾಗೇ ಎತ್ತಿ ಪರದೆಗೆ ಹಾಕಿದೆವು, ಆನ್‌ಲೈನ್ ಪಾಠ ಅಂದರೆ ಅದೇ ಅಂತ ಆಗ ತಲೆಯಲ್ಲಿ ಕೂತುಬಿಟ್ಟಿತು. ಅದು ತುರ್ತಿನ ವ್ಯವಸ್ಥೆ, ಯೋಚಿಸಿ ಕಟ್ಟಿದ ಕೋರ್ಸ್ ಅಲ್ಲ.

ಅರವತ್ತು ನಿಮಿಷ ಒಬ್ಬರೇ ಮಾತಾಡಿ, ಐವತ್ತು ಜನ ಮ್ಯೂಟ್ ಮಾಡಿಕೊಂಡು ಕೂತು, ಕೊನೆಯಲ್ಲಿ "ಯಾರಿಗಾದರೂ ಡೌಟ್ ಇದೆಯಾ" ಅಂತ ಕೇಳಿದ ಮೇಲೆ ನಾಲ್ಕು ಸೆಕೆಂಡು ಮೌನ, ಆಮೇಲೆ ಎಲ್ಲರೂ ಹೊರಗೆ. ಇದು ಲೈವ್ ಹೌದು. ಒಡನಾಟ ಎಲ್ಲಿದೆ? ಆ ಒಂದು ಗಂಟೆಗಾಗಿ ಕೆಲಸಕ್ಕೆ ಹೋಗುವವರು ರಜೆ ಕೇಳಿರುತ್ತಾರೆ, ಮಗು ಇರುವವರು ಯಾರಿಗೋ ಒಪ್ಪಿಸಿ ಬಂದಿರುತ್ತಾರೆ, ಬೇರೆ ದೇಶದವರು ರಾತ್ರಿ ಎರಡು ಗಂಟೆಗೆ ಎದ್ದಿರುತ್ತಾರೆ. ಇಷ್ಟೆಲ್ಲ ಮಾಡಿ ಬಂದವರಿಗೆ, ರೆಕಾರ್ಡಿಂಗಿನಲ್ಲಿ ಒಂದೂವರೆ ಪಟ್ಟು ವೇಗದಲ್ಲಿ ಕೇಳಬಹುದಾಗಿದ್ದನ್ನೇ ಕೊಟ್ಟರೆ ಅದು ಅನ್ಯಾಯ ಅಲ್ವಾ.

ಅದಕ್ಕೇ ನನ್ನ ಕಡೆಯಿಂದ ಸಲಹೆ ಇದು: ನೀವು ಮಾತಾಡುವುದನ್ನು ರೆಕಾರ್ಡ್ ಮಾಡಿ, ಅವರು ಮಾತಾಡುವುದನ್ನು ಲೈವ್‌ಗೆ ಇಟ್ಟುಕೊಳ್ಳಿ.

ರೆಕಾರ್ಡಿಂಗಿನ ಬಗ್ಗೆ 2014ರ ಒಂದು ಅಧ್ಯಯನ ಈಗಲೂ ಉಪಯೋಗಕ್ಕೆ ಬರುತ್ತದೆ. ಫಿಲಿಪ್ ಗುವೊ, ಜುಹೊ ಕಿಮ್, ರಾಬ್ ರೂಬಿನ್ ಮೂವರು ಆನ್‌ಲೈನ್ ಕೋರ್ಸುಗಳ ತಾಣವಾದ ಎಡ್‌ಎಕ್ಸ್‌ನ ನಾಲ್ಕು ಕೋರ್ಸುಗಳ ಸುಮಾರು 69 ಲಕ್ಷ ವೀಕ್ಷಣೆಗಳ ಲೆಕ್ಕ ನೋಡಿದರು. ವಿಡಿಯೋ ಎಷ್ಟೇ ಉದ್ದ ಇರಲಿ, ಜನ ಕೂತು ನೋಡುವುದು ಹೆಚ್ಚೂಕಮ್ಮಿ ಆರು ನಿಮಿಷದವರೆಗೆ ಮಾತ್ರ ಅಂತ ಕಂಡಿತು. ಈ ಆರು ನಿಮಿಷದ ಮಾತನ್ನು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಅವರ ಇನ್ನೊಂದು ಮಾತು. ದುಡ್ಡು ಸುರಿದು ಸ್ಟುಡಿಯೋದಲ್ಲಿ ಮಾಡಿದ ವಿಡಿಯೋಗಿಂತ ಅಧ್ಯಾಪಕರು ತಮ್ಮ ಮೇಜಿನ ಮುಂದೆ ಕೂತು ಮಾತಾಡಿದ್ದನ್ನು ಜನ ಜಾಸ್ತಿ ನೋಡಿದರು. ಸ್ಲೈಡುಗಳಿಗಿಂತ ಕೈಯಲ್ಲಿ ಬರೆಯುತ್ತಾ ಹೇಳಿದ್ದು ಹಿಡಿಸಿತು. ತರಗತಿಯ ಹಳೆಯ ಉಪನ್ಯಾಸವನ್ನು ಚಿಕ್ಕ ಚಿಕ್ಕದಾಗಿ ಕತ್ತರಿಸಿ ಹಾಕಿದ್ದು ಅಷ್ಟಾಗಿ ಹಿಡಿಸಲಿಲ್ಲ. ಯಾರಿಗೋ ಹೇಳಿದ ಪಾಠವನ್ನು ಕದ್ದು ಕೇಳುವುದಕ್ಕೂ ನನಗೇ ಹೇಳುತ್ತಿದ್ದಾರೆ ಅನ್ನಿಸುವುದಕ್ಕೂ ವ್ಯತ್ಯಾಸ ಇದೆ. ಕೆಮ್ಮು ಬಂದರೆ ಬರಲಿ. ಹಿಂದೆ ಬೆಕ್ಕು ಹಾದುಹೋದರೂ ಹೋಗಲಿ. ಮತ್ತೆ ಮತ್ತೆ ಶೂಟ್ ಮಾಡಿ ಪಾಲಿಶ್ ಮಾಡುವ ಹೊತ್ತನ್ನು ಅಸೈನ್‌ಮೆಂಟ್ ಓದಲು ಉಳಿಸಿ.

ಇನ್ನು ಲೈವ್. ವಾರಕ್ಕೆ ಒಂದು ಸಾಕು, ನಲವತ್ತೈದು ನಿಮಿಷ. ಆದರೆ ಅದನ್ನೇ ಎರಡು ಬೇರೆ ಹೊತ್ತಿಗೆ ಇಡಿ, ಒಂದು ಹಗಲು, ಒಂದು ರಾತ್ರಿ, ಯಾವುದಕ್ಕಾದರೂ ಬರಬಹುದು ಅಂತ. ಇದರಿಂದ ಗುಂಪು ತಾನಾಗೇ ಅರ್ಧವಾಗುತ್ತದೆ, ಅದು ಲಾಭವೇ. ಎರಡಕ್ಕೂ ಬರಲಾಗದವರಿಗೆ ಬರೀ ರೆಕಾರ್ಡಿಂಗ್ ಕೊಟ್ಟು ಕೈ ತೊಳೆದುಕೊಳ್ಳಬೇಡಿ. ಅಲ್ಲಿ ಚರ್ಚೆಯಾದ ಒಂದು ಪ್ರಶ್ನೆಗೆ ಅವರೂ ಎರಡು ನಿಮಿಷದ ಆಡಿಯೋ ಕಳಿಸಲಿ, ಮುಂದಿನ ವಾರ ಅದನ್ನು ಎಲ್ಲರ ಮುಂದೆ ಹಾಕಿ.

ಲೈವ್ ತರಗತಿಯನ್ನು ಸಣ್ಣ ಗುಂಪುಗಳಾಗಿ ಒಡೆದು ಕೂರಿಸುವ ಬ್ರೇಕ್‌ಔಟ್ ರೂಮ್‌ಗಳನ್ನು ಬೈಯುವವರು ಬಹಳ. ಐದು ನಿಮಿಷಕ್ಕೆ ಅಪರಿಚಿತರ ಜೊತೆ ಕೂಡಿಹಾಕಿ "ಈ ವಿಷಯ ಚರ್ಚಿಸಿ" ಅಂದರೆ ಮೊದಲ ಎರಡು ನಿಮಿಷ ಯಾರು ಮಾತಾಡಬೇಕು ಅನ್ನೋದರಲ್ಲೇ ಹೋಗುತ್ತದೆ, ಉಳಿದ ಮೂರರಲ್ಲಿ ಒಬ್ಬರು ಕ್ಷಮೆ ಕೇಳಿ ನೆಟ್‌ವರ್ಕ್ ಸರಿಯಿಲ್ಲ ಅನ್ನುತ್ತಾರೆ. ಮೂರು ಅಥವಾ ನಾಲ್ಕು ಜನ, ಹದಿನೈದು ನಿಮಿಷ, ಪ್ರತಿ ವಾರ ಅದೇ ಜನ, ಕೈಯಲ್ಲಿ ಒಂದು ಗಟ್ಟಿ ಕೆಲಸ. ಹಂಚಿಕೊಂಡ ಡಾಕ್ಯುಮೆಂಟಿನಲ್ಲಿ ಖಾಲಿ ಕೋಷ್ಟಕ ತುಂಬುವುದು, ಎರಡು ಉತ್ತರಗಳಲ್ಲಿ ಯಾವುದು ತಪ್ಪು ಅಂತ ಹುಡುಕುವುದು, ಹೀಗೆ. ಹೀಗೆ ಮಾಡಿದರೆ ಅದೇ ಸಾಧನ ಬೇರೆಯೇ ಆಗುತ್ತದೆ.

ಕ್ಯಾಮೆರಾ ಕಡ್ಡಾಯವಾ, ಬೇಡವಾ? ಬೇಡ. ಕಾರ್ನೆಲ್ ವಿಶ್ವವಿದ್ಯಾಲಯದ ಫ್ರ್ಯಾಂಕ್ ಕ್ಯಾಸ್ಟೆಲಿ ಮತ್ತು ಮಾರ್ಕ್ ಸರ್ವರಿ ತಮ್ಮ ವಿದ್ಯಾರ್ಥಿಗಳನ್ನೇ ಕೇಳಿ 2021ರಲ್ಲಿ ಪ್ರಕಟಿಸಿದ ಬರಹದಲ್ಲಿ, ಕ್ಯಾಮೆರಾ ಆರಿಸಲು ಎಲ್ಲಕ್ಕಿಂತ ಹೆಚ್ಚು ಜನ ಕೊಟ್ಟ ಕಾರಣ ತಾವು ಹೇಗೆ ಕಾಣುತ್ತೇವೋ ಅನ್ನುವ ಅಳುಕು. ಹಿಂದೆ ಮನೆಯವರು, ಮನೆ ಕಾಣುತ್ತದೆ ಅನ್ನುವುದು, ಇಂಟರ್ನೆಟ್ ಸಾಲದು ಅನ್ನುವುದು ಕೂಡ ಇದ್ದವು. ಅದೇ ವರ್ಷ ಸ್ಟ್ಯಾನ್‌ಫರ್ಡಿನ ಜೆರೆಮಿ ಬೇಲೆನ್ಸನ್ ವಿಡಿಯೋ ಕರೆಯ ದಣಿವಿಗೆ ನಾಲ್ಕು ಕಾರಣ ಮುಂದಿಟ್ಟರು: ತೀರ ಹತ್ತಿರದಿಂದ ಎಲ್ಲರೂ ದಿಟ್ಟಿಸುವುದು, ಇಡೀ ಹೊತ್ತು ನಮ್ಮ ಮುಖವನ್ನೇ ನೋಡಿಕೊಳ್ಳುವುದು, ಅಲುಗಾಡದೆ ಕೂರುವುದು, ಸನ್ನೆಗಳನ್ನು ಕಷ್ಟಪಟ್ಟು ಓದುವುದು. ಮುಖ ಕಂಡರಷ್ಟೇ ಪರಿಚಯ ಅಂತೇನಿಲ್ಲ. ಸಣ್ಣ ಗುಂಪಿನಲ್ಲಿ ಧೈರ್ಯ ಬಂದ ಮೇಲೆ ಬಹಳ ಜನ ತಾವಾಗೇ ಹಾಕುತ್ತಾರೆ. "ನಿಮ್ಮ ಮುಖ ನಿಮಗೆ ಕಾಣದ ಹಾಗೆ ಮಾಡಿಕೊಳ್ಳಬಹುದು" ಅಂತ ಮೊದಲ ದಿನವೇ ತೋರಿಸಿಕೊಡಿ, ಇದು ಗೊತ್ತಿಲ್ಲದವರೇ ಜಾಸ್ತಿ.

ಫೋರಂ ಬೇಕಾ, ಬೇರೆ ಏನಾದರೂ ಇದೆಯಾ

"ವಾರಕ್ಕೆ ಒಂದು ಪೋಸ್ಟ್ ಹಾಕಿ, ಇಬ್ಬರಿಗೆ ಉತ್ತರ ಬರೆಯಿರಿ." ಆನ್‌ಲೈನ್ ಕೋರ್ಸುಗಳಲ್ಲಿ ಇದಕ್ಕಿಂತ ಸವೆದ ನಿಯಮ ಇನ್ನೊಂದಿಲ್ಲ. ಭಾನುವಾರ ರಾತ್ರಿ ಹನ್ನೊಂದೂವರೆಗೆ ನಲವತ್ತು ಪೋಸ್ಟ್ ಬೀಳುತ್ತವೆ, ಅದರ ಕೆಳಗೆ "ನಿಮ್ಮ ಮಾತು ತುಂಬಾ ಚೆನ್ನಾಗಿದೆ, ನಾನೂ ಒಪ್ಪುತ್ತೇನೆ" ಅಂತ ಎಂಬತ್ತು ಉತ್ತರ. ಯಾರೂ ಯಾರದ್ದನ್ನೂ ಓದಿರುವುದಿಲ್ಲ. ಯಾಕೆ ಓದಬೇಕು ಹೇಳಿ? ಎಲ್ಲರಿಗೂ ಒಂದೇ ಪ್ರಶ್ನೆ ಕೊಟ್ಟಿದ್ದೀರಿ, ಒಂದೇ ಅಧ್ಯಾಯ ಓದಿಸಿದ್ದೀರಿ, ಬರುವ ಉತ್ತರವೂ ಒಂದೇ. ಇನ್ನೊಬ್ಬರ ಪೋಸ್ಟ್‌ನಲ್ಲಿ ನನಗೆ ಬೇಕಾದ್ದೇನೂ ಇಲ್ಲ.

ಫೋರಂನ ತಪ್ಪಲ್ಲ ಇದು, ಪ್ರಶ್ನೆಯ ತಪ್ಪು. ಮನಃಶಾಸ್ತ್ರಜ್ಞ ಎಲಿಯಟ್ ಆರನ್ಸನ್ 1971ರಲ್ಲಿ ಅಮೆರಿಕದ ಆಸ್ಟಿನ್ ನಗರದ ಶಾಲೆಗಳಲ್ಲಿ, ಬೇರೆ ಬೇರೆ ಜನಾಂಗದ ಮಕ್ಕಳು ಮೊದಲ ಸಲ ಒಂದೇ ತರಗತಿಗೆ ಬಂದು ಜಗಳ ಕಾಯುತ್ತಿದ್ದಾಗ, ಒಂದು ಉಪಾಯ ಮಾಡಿದರು. ಪಾಠವನ್ನು ತುಂಡು ಮಾಡಿ ಗುಂಪಿನ ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟರು. ಪರೀಕ್ಷೆ ಇಡೀ ಪಾಠದ ಮೇಲೆ. ಅಂದರೆ ಪಕ್ಕದವನ ಮಾತು ಕೇಳದೆ ದಾರಿಯಿಲ್ಲ. ಜಿಗ್‌ಸಾ ಅಂತ ಇದಕ್ಕೆ ಹೆಸರು. ಆನ್‌ಲೈನ್ ಕೋರ್ಸಿಗೆ ಇದಕ್ಕಿಂತ ಹೊಂದುವ ಪದ್ಧತಿ ನನಗೆ ಕಂಡಿಲ್ಲ. ನಾಲ್ಕು ಲೇಖನ ಇದ್ದರೆ ಗುಂಪಿನ ನಾಲ್ವರಿಗೆ ಒಂದೊಂದು. ಬುಧವಾರದೊಳಗೆ ತನ್ನದನ್ನು ಉಳಿದ ಮೂವರಿಗೆ ವಿವರಿಸಬೇಕು. ಶನಿವಾರದ ಪ್ರಶ್ನೆಗೆ ನಾಲ್ಕೂ ಬೇಕು. ಈಗ ಒಬ್ಬರು ಬರದಿದ್ದರೆ ಬುಧವಾರ ರಾತ್ರಿಯೇ ಮೂವರು ಹುಡುಕಿಕೊಂಡು ಹೋಗುತ್ತಾರೆ.

ಫೋರಂಗೆ ಬದಲಿ ಏನಿದೆ ಅಂತ ಕೇಳಿದರೆ ನಾನು ಮೊದಲು ಹೇಳುವುದು ಓದುವ ಪುಟದ ಅಂಚಿನಲ್ಲೇ ಒಟ್ಟಿಗೆ ಟಿಪ್ಪಣಿ ಬರೆಯುವುದು. ಹೈಪಾಥಿಸಿಸ್, ಪೆರೂಸಾಲ್ ಥರದ ಸಾಧನಗಳು ಇದಕ್ಕೇ ಇವೆ. ಪೆರೂಸಾಲ್ ಹುಟ್ಟಿದ್ದು ಹಾರ್ವರ್ಡಿನಲ್ಲಿ, ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ ಅವರ ಬಳಗದಿಂದ. ದೊಡ್ಡ ತರಗತಿಯನ್ನು ಅದು ತಾನೇ ಸಣ್ಣ ಗುಂಪು ಮಾಡಿಕೊಡುತ್ತದೆ. ಇಲ್ಲಿ ಅನುಕೂಲ ಏನೆಂದರೆ ಮಾತು ಎಲ್ಲೋ ಗಾಳಿಯಲ್ಲಿ ಇರುವುದಿಲ್ಲ, ಒಂದು ಸಾಲಿನ ಪಕ್ಕದಲ್ಲಿ ಇರುತ್ತದೆ. "ಈ ಸಾಲು ಅರ್ಥ ಆಗಲಿಲ್ಲ" ಅಂತ ಬರೆಯಲು ನಾಚಿಕೆ ಕಡಿಮೆ, ಯಾಕೆಂದರೆ ಅದೇ ಸಾಲಿನ ಪಕ್ಕ ಇನ್ನೂ ಮೂವರು ಅದನ್ನೇ ಬರೆದಿರುತ್ತಾರೆ. ತೊಂದರೆಯೂ ಇದೆ. ಗುಂಪು ದೊಡ್ಡದಾದರೆ ಪುಟ ಹಳದಿ ಬಣ್ಣದಿಂದ ತುಂಬಿ ಮೂಲವೇ ಕಾಣದಾಗುತ್ತದೆ, ಫೋನಿನಲ್ಲಿ ಓದುವವರಿಗಂತೂ ಕಷ್ಟ. ಮತ್ತೆ ಇದು ಓದಿನ ಕೋರ್ಸುಗಳಿಗೆ ಸರಿ, ಲೆಕ್ಕ ಬಿಡಿಸುವ ಕೋರ್ಸಿಗೆ ಅಷ್ಟಕ್ಕಷ್ಟೆ. ಅಲ್ಲಿ "ನನ್ನ ತಪ್ಪು ಎಲ್ಲಿದೆ ಹೇಳಿ" ಅಂತ ಅರ್ಧ ಬಿಡಿಸಿದ ಲೆಕ್ಕದ ಫೋಟೋ ಹಾಕುವ ಫೋರಂ ಚೆನ್ನಾಗಿ ನಡೆಯುತ್ತದೆ.

ಇನ್ನು ದನಿಯಲ್ಲಿ, ವಿಡಿಯೋದಲ್ಲಿ ಉತ್ತರ ಕೊಡುವ ಫೋರಂಗಳು. ಭಾಷೆ ಕಲಿಸುವವರಿಗೆ, ಸಂದರ್ಶನ, ಆಪ್ತಸಲಹೆ ಕಲಿಸುವವರಿಗೆ ಒಳ್ಳೆಯದು. ಉಳಿದವರಿಗೆ ಸೆಮಿಸ್ಟರಿಗೆ ಎರಡು ಸಲ ಸಾಕು. ಮೂವತ್ತು ಜನರ ಮೂರು ಮೂರು ನಿಮಿಷದ ವಿಡಿಯೋ ಯಾರು ನೋಡುತ್ತಾರೆ?

ಗುಂಪು: ಒಂದೇ ಇರಲಾ, ಬದಲಾಯಿಸಲಾ

ಗುಂಪು ಕೆಲಸ ಅಂದರೆ ಮುಖ ಸಿಂಡರಿಸುವ ವಿದ್ಯಾರ್ಥಿಗಳು ಸುಳ್ಳು ಹೇಳುತ್ತಿಲ್ಲ. ಒಬ್ಬರು ಮಾಡುತ್ತಾರೆ, ನಾಲ್ವರ ಹೆಸರು ಬೀಳುತ್ತದೆ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗೆಲ್‌ಮನ್ ನೂರು ವರ್ಷಕ್ಕೂ ಹಿಂದೆಯೇ ಜನರಿಂದ ಹಗ್ಗ ಎಳೆಸಿ ಇದನ್ನು ಅಳೆದಿದ್ದರು. ಗುಂಪು ದೊಡ್ಡದಾದಷ್ಟೂ ಒಬ್ಬೊಬ್ಬರು ಹಾಕುವ ಬಲ ಕಡಿಮೆಯಾಗುತ್ತಾ ಹೋಯಿತು. 1979ರಲ್ಲಿ ಮನಃಶಾಸ್ತ್ರಜ್ಞ ಬಿಬ್ ಲಟಾನೆ ಮತ್ತು ಜೊತೆಯವರು ಚಪ್ಪಾಳೆ ಹೊಡೆಸಿ, ಕೂಗಿಸಿ ನೋಡಿದಾಗಲೂ ಹಾಗೇ ಆಯಿತು. ಆದರೆ ಪ್ರತಿಯೊಬ್ಬರ ಪಾಲು ಬೇರೆಯಾಗಿ ಕಾಣುವಂತಿದ್ದರೆ ಜಾರಿಕೊಳ್ಳುವುದು ಕಡಿಮೆ. ಮೇಲೆ ಹೇಳಿದ ಜಿಗ್‌ಸಾ ಇಲ್ಲಿಯೂ ಕೈ ಹಿಡಿಯುತ್ತದೆ.

ಪ್ರತಿ ವಾರ ಹೊಸ ಗುಂಪು ಮಾಡಿದರೆ ಎಲ್ಲರಿಗೂ ಎಲ್ಲರ ಪರಿಚಯ ಆಗುತ್ತದೆ ಅನ್ನುವುದು ಒಂದು ವಾದ. ಆಗುವುದಿಲ್ಲ. ಪ್ರತಿ ವಾರ ಮತ್ತೆ "ನಾನು ಇಂಥವನು, ಇಂಥ ಕಡೆಯಿಂದ" ಅಂತ ಶುರು ಮಾಡಿ ಅಲ್ಲಿಗೇ ನಿಲ್ಲುತ್ತದೆ. ನಾಲ್ಕೈದು ಜನರ ಒಂದೇ ಗುಂಪು ಇಡೀ ಸೆಮಿಸ್ಟರ್ ಇರಲಿ ಅನ್ನುವುದು ನನ್ನ ಪಕ್ಷ. ಅದರ ಅಪಾಯ ಗೊತ್ತಿದೆ: ಗುಂಪು ಹೊಂದದಿದ್ದರೆ ನಾಲ್ಕು ತಿಂಗಳು ನರಕ. ಅದಕ್ಕೆ ಮೂರನೇ ವಾರದ ಕೊನೆಯಲ್ಲಿ ಒಂದು ಬಾಗಿಲು ತೆರೆದಿಡಿ. ಕಾರಣ ಕೇಳದೆ, ಯಾರಿಗೂ ಹೇಳದೆ, ಬೇರೆ ಗುಂಪಿಗೆ ಹೋಗಬಹುದು.

ಗುಂಪು ಯಾರು ಮಾಡಬೇಕು? ವಿದ್ಯಾರ್ಥಿಗಳೇ ಮಾಡಿಕೊಳ್ಳಲಿ ಅಂದರೆ ಮೊದಲೇ ಪರಿಚಯ ಇದ್ದವರು ಸೇರಿಕೊಂಡು, ಯಾರೂ ಗೊತ್ತಿಲ್ಲದವರು ಕೊನೆಯಲ್ಲಿ ಉಳಿದವರ ಗುಂಪಾಗುತ್ತಾರೆ. ಅಂಕ ನೋಡಿ ಮಾಡುವುದೂ ಬೇಡ. ಬಿಡುವಿನ ಹೊತ್ತು ನೋಡಿ ಮಾಡಿ. ರಾತ್ರಿ ಹತ್ತರ ಮೇಲೆ ಮಾತ್ರ ಸಿಗುವವರೆಲ್ಲ ಒಂದು ಕಡೆ. ಮೊದಲ ವಾರ ಒಂದು ಚಿಕ್ಕ ಫಾರ್ಮ್ ಕೊಟ್ಟರೆ ಮುಗಿಯಿತು.

ಅಸೈನ್‌ಮೆಂಟ್ ಮೇಲಿನ ಮಾತು

ಯಾಕೋ ಒಡನಾಟದ ವಿಷಯ ಬಂದಾಗ ಇದನ್ನು ಯಾರೂ ಎಣಿಸುವುದಿಲ್ಲ. ಆದರೆ ಆನ್‌ಲೈನ್ ಕೋರ್ಸಿನಲ್ಲಿ ಅಧ್ಯಾಪಕರು ಒಬ್ಬ ವಿದ್ಯಾರ್ಥಿಗೆ ಮಾತ್ರ, ಅವರ ಕೆಲಸದ ಬಗ್ಗೆ ಮಾತ್ರ ಮಾತಾಡುವ ಜಾಗ ಇದೊಂದೇ. ಅಲ್ಲಿ ಅಂಕ ಕೊಡುವ ಅಳತೆಪಟ್ಟಿಯಾದ ರೂಬ್ರಿಕ್‌ನ ಮೂರು ಚೌಕಕ್ಕೆ ಟಿಕ್ ಹಾಕಿ ಕಳಿಸಿದರೆ ಇಡೀ ಸೆಮಿಸ್ಟರಿನ ಬೆಚ್ಚಗಿನ ಸ್ವಾಗತ ವಿಡಿಯೋಗಳು ದಂಡ.

ಬರೆದು ಕೊಡುವುದಾ, ದನಿಯಲ್ಲಾ? ಫಿಲ್ ಐಸ್ ಮತ್ತು ಜೊತೆಯವರು 2007ರಲ್ಲಿ ಆಡಿಯೋ ಮರುಮಾತಿನ (ಫೀಡ್‌ಬ್ಯಾಕ್) ಬಗ್ಗೆ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಅದು ಹಿಡಿಸಿತ್ತು. ಹೇಳಿದ್ದರ ಧಾಟಿ ತಿಳಿಯುತ್ತದೆ, ಅಧ್ಯಾಪಕರಿಗೆ ತಮ್ಮ ಬಗ್ಗೆ ಕಾಳಜಿ ಇದೆ ಅನ್ನಿಸುತ್ತದೆ ಅನ್ನೋದು ಅವರ ಅನುಭವ. ನನ್ನ ಅಭಿಪ್ರಾಯವೂ ಅದೇ. "ಎರಡನೇ ಭಾಗ ದುರ್ಬಲವಾಗಿದೆ" ಅಂತ ಬರೆದರೆ ಏಟು. ಅದನ್ನೇ ದನಿಯಲ್ಲಿ, "ನೋಡಿ, ಮೊದಲ ಭಾಗದಲ್ಲಿ ಅಷ್ಟು ಚೆನ್ನಾಗಿ ಬಂದು ಎರಡನೆಯದರಲ್ಲಿ ಯಾಕೆ ಅವಸರ ಮಾಡಿದಿರಿ" ಅಂದರೆ ಅದು ಮಾತುಕತೆ. ಆದರೆ ಕಾಗುಣಿತ, ಉಲ್ಲೇಖ, ಲೆಕ್ಕದ ಹೆಜ್ಜೆ ಇಂಥವನ್ನು ಬರೆದೇ ಕೊಡಿ, ಆಡಿಯೋದಲ್ಲಿ ಹುಡುಕುವುದು ಕಷ್ಟ. ಕಿವಿ ಕೇಳದವರಿಗೆ ಬರಹವೇ ಬೇಕು, ಮೊದಲೇ ಕೇಳಿ ತಿಳಿದುಕೊಳ್ಳಿ. ಎಲ್ಲ ಅಸೈನ್‌ಮೆಂಟಿಗೂ ಆಡಿಯೋ ಆಗದು. ಮೊದಲನೆಯದಕ್ಕೆ ಮಾತ್ರ ತಪ್ಪಿಸಬೇಡಿ, ಅದೂ ಎರಡನೇ ವಾರದೊಳಗೆ, ಸಣ್ಣದೊಂದು ಕೆಲಸಕ್ಕೆ. ಸೆಮಿಸ್ಟರಿನ ಮಧ್ಯದಲ್ಲಿ ಮೊದಲ ಸಲ ದನಿ ಕೇಳಿದರೆ ಉಪಯೋಗ ಕಡಿಮೆ.

ಏಳು ದಿನ ಲಾಗಿನ್ ಆಗದವರ ಪಟ್ಟಿ ಬಹುತೇಕ ಕಲಿಕಾ ತಂತ್ರಾಂಶಗಳಲ್ಲಿ ಸಿಗುತ್ತದೆ. ಸೋಮವಾರ ಅದನ್ನು ತೆಗೆದು ಒಬ್ಬೊಬ್ಬರಿಗೂ ಹೆಸರು ಹಾಕಿ ಒಂದು ಸಾಲು ಬರೆಯಿರಿ. ತಂತ್ರಾಂಶವೇ ತಾನಾಗಿ ಕಳಿಸುವ ಸಂದೇಶ ಬೇಡ, ಅದು ಬ್ಯಾಂಕಿನ ನೆನಪೋಲೆಯ ಹಾಗೆ ಇರುತ್ತದೆ.

ಬೇಗ ಹೇಳಿ ಮುಗಿಸುವವು

ಮೊದಲ ವಾರ ಪಾಠ ಶುರು ಮಾಡಬೇಕಾ ಬೇಡವಾ ಅಂದರೆ, ಅರ್ಧ ಮಾಡಿ. ಆನ್‌ಲೈನ್ ಬೋಧನೆಯ ಬಗ್ಗೆ ಬರೆದ ಗಿಲ್ಲಿ ಸ್ಯಾಮನ್ ಅವರ ಐದು ಹಂತದ ಮಾದರಿಯಲ್ಲಿ ಜನ ಒಳಗೆ ಬರುವುದು ಮೊದಲ ಹಂತ, ಒಬ್ಬರಿಗೊಬ್ಬರು ಹೊಂದಿಕೊಳ್ಳುವುದು ಎರಡನೆಯದು, ಅದಾದ ಮೇಲೆಯೇ ಮಾಹಿತಿ, ಅದಾದ ಮೇಲೆ ಒಟ್ಟಿಗೆ ಕಟ್ಟುವುದು. ಆದರೆ "ನಿಮ್ಮ ಬಗ್ಗೆ ಒಂದು ತಮಾಷೆಯ ಸಂಗತಿ ಹೇಳಿ" ಅನ್ನುವ ಪ್ರಶ್ನೆ ದಯವಿಟ್ಟು ಬೇಡ. "ಈ ವಿಷಯದಲ್ಲಿ ನಿಮಗೆ ಭಯ ಇರುವುದು ಯಾವುದು" ಅಂತ ಕೇಳಿ. ಒಂದೇ ಭಯ ಇರುವವರು ತಾವಾಗೇ ಗೊತ್ತಾಗುತ್ತಾರೆ.

ಪಠ್ಯಕ್ರಮದ ಹಾಳೆ ಹನ್ನೆರಡು ಪುಟದ ಪಿಡಿಎಫ್ ಆಗಿ ಇರಲಾ, ಫೋನಿನಲ್ಲಿ ಓದುವ ಒಂದು ಪುಟವಾಗಿ ಇರಲಾ? ಎರಡನೆಯದು. ಮಿಷೆಲ್ ಪಕಾನ್ಸ್ಕಿ-ಬ್ರಾಕ್ ಇದನ್ನು 'ಲಿಕ್ವಿಡ್ ಸಿಲಬಸ್' ಅನ್ನುತ್ತಾರೆ. ಕೋರ್ಸ್ ಶುರುವಾಗುವ ಮೊದಲೇ ತೆರೆದು ನೋಡಬಹುದಾದ ಪುಟ, ಅದರಲ್ಲಿ ಅಧ್ಯಾಪಕರ ಚಿಕ್ಕದೊಂದು ವಿಡಿಯೋ. ನಿಯಮಗಳ ಪಿಡಿಎಫ್ ಕೊನೆಯಲ್ಲಿ ಒಂದು ಲಿಂಕ್ ಆಗಿರಲಿ.

ಚಾಟ್ ಗುಂಪಿನಲ್ಲಿ ನೀವು ಇರಬೇಕಾ? ಬೇಡ. ಅದು ಅವರ ಜಾಗ. 1973ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ, ಕಂಪ್ಯೂಟರಿನಲ್ಲಿ ಪಾಠ ಕಲಿಸುವ ಪ್ಲೇಟೋ ವ್ಯವಸ್ಥೆಯಲ್ಲಿ ದೋಷಗಳನ್ನು ವರದಿ ಮಾಡಲಿ ಅಂತ 'ನೋಟ್ಸ್' ಅನ್ನುವ ಸೌಲಭ್ಯ ಮಾಡಿದ್ದರು. ಜನ ಅದನ್ನು ಹರಟೆಕಟ್ಟೆ ಮಾಡಿಕೊಂಡರು. ಅವತ್ತಿನಿಂದಲೂ ಹಾಗೇ. ಒಂದೇ ಎಚ್ಚರ, ಪಾಠಕ್ಕೆ ಬೇಕಾದ ಯಾವ ಸೂಚನೆಯೂ ಅಲ್ಲಿ ಮಾತ್ರ ಇರಬಾರದು.

ಪ್ರಶ್ನೆಗಳಿಗೆ ಚಾಟ್‌ಬಾಟ್ ಉತ್ತರ ಕೊಡಲಿ ಅನ್ನುವವರು ಈಗ ಜಾಸ್ತಿ. ಇದು ಹೊಸದಲ್ಲ. 2016ರಲ್ಲೇ ಜಾರ್ಜಿಯಾ ಟೆಕ್‌ನ ಅಶೋಕ್ ಗೋಯಲ್ ತಮ್ಮ ಆನ್‌ಲೈನ್ ಕೋರ್ಸಿನ ಫೋರಂನಲ್ಲಿ ಜಿಲ್ ವಾಟ್ಸನ್ ಅನ್ನುವ ಹೆಸರಿನಲ್ಲಿ ಯಂತ್ರವನ್ನು ಬೋಧನಾ ಸಹಾಯಕಿಯಾಗಿ ಕೂರಿಸಿದ್ದರು. ಅದು ಯಂತ್ರ ಅಂತ ವಿದ್ಯಾರ್ಥಿಗಳಿಗೆ ತಿಳಿಸಿದ್ದು ಕೊನೆಯಲ್ಲಿ. "ಕೊನೆಯ ದಿನ ಯಾವಾಗ, ಫೈಲ್ ಯಾವ ಥರ ಕಳಿಸಬೇಕು" ಇಂಥದ್ದಕ್ಕೆ ಬಾಟ್ ಇರಲಿ, ಅದು ಯಂತ್ರ ಅಂತ ಮೊದಲೇ ಹೇಳಿಬಿಡಿ. "ನನಗೆ ಇದು ಆಗುತ್ತಿಲ್ಲ, ಬಿಟ್ಟುಬಿಡೋಣ ಅನ್ನಿಸುತ್ತಿದೆ" ಅಂತ ಬಂದ ಸಂದೇಶ ಮಾತ್ರ ಮನುಷ್ಯರ ಕೈಗೇ ಹೋಗಬೇಕು. ಆ ದಾರಿ ಮೊದಲೇ ಮಾಡಿಡಿ.

ನಿಮ್ಮ ಬಳಿ ಎಷ್ಟು ಹೊತ್ತಿದೆ

ವಾರಕ್ಕೆ ಮೂರು ಗಂಟೆ ಮಾತ್ರ, ಇಪ್ಪತ್ತೈದು ಜನ ಅಂದುಕೊಳ್ಳಿ. ಲೈವ್ ಒಂದು ಗಂಟೆ, ಉಳಿದ ಎರಡು ಗಂಟೆ ಪೂರ್ತಿ ಅಸೈನ್‌ಮೆಂಟ್ ಮೇಲಿನ ಮಾತಿಗೆ. ಫೋರಂ ತೆಗೆದುಹಾಕಿ, ಯಾರಿಗೂ ಬೇಜಾರಾಗುವುದಿಲ್ಲ.

ಅದೇ ಮೂರು ಗಂಟೆ, ಇನ್ನೂರು ಜನ ಅಂದರೆ ಲೈವ್ ಬಿಡಿ. ಜಿಗ್‌ಸಾ ಗುಂಪು ಮಾಡಿ. ಒಂದು ಗುಂಪಿಗೆ ಐದು ಜನ ಅಂದರೆ ನಲವತ್ತು ಗುಂಪು. ವಾರಕ್ಕೆ ಹತ್ತು ಗುಂಪಿನ ಕೆಲಸ ಮಾತ್ರ ಪೂರ್ತಿ ಓದಿ ಮಾತು ಬರೆಯಿರಿ, ತಿಂಗಳಿಗೊಮ್ಮೆ ಎಲ್ಲರ ಸರದಿ ಬರುತ್ತದೆ. ಯಾರ ಸರದಿ ಯಾವಾಗ ಅಂತ ಮೊದಲೇ ಹೇಳಿ. ಬೋಧನಾ ಸಹಾಯಕರು ಸಿಕ್ಕರೆ ಅವರಿಗೆ ಅಂಕ ಹಾಕುವ ಕೆಲಸ ಕೊಡಬೇಡಿ, ಒಬ್ಬೊಬ್ಬರಿಗೆ ಇಂತಿಷ್ಟು ಗುಂಪು ಅಂತ ಒಪ್ಪಿಸಿ. ಆ ಗುಂಪಿನ ಎಲ್ಲರ ಹೆಸರೂ ಗೊತ್ತಿರುವುದು ಅವರ ಕೆಲಸ.

ಕೆಲವರಿಗೆ ಆಯ್ಕೆಯೇ ಇರುವುದಿಲ್ಲ. ವಿಡಿಯೋ ಮೊದಲೇ ಯಾರೋ ಮಾಡಿಟ್ಟಿದ್ದಾರೆ, ಪರೀಕ್ಷೆ ವಿಭಾಗದವರದ್ದು, ನಿಮಗೆ ಬರೀ ನಡೆಸಿಕೊಡುವ ಕೆಲಸ. ಹಾಗಿದ್ದರೂ ಒಂದು ಮಾಡಬಹುದು. ಹಳೆಯ ವಿಡಿಯೋ ಹಾಗೇ ಇರಲಿ. ಅದರ ಜೊತೆ ಪ್ರತಿ ವಾರ ಫೋನಿನಲ್ಲೇ ಎರಡು ನಿಮಿಷದ ಆಡಿಯೋ ಸೇರಿಸಿ: ಹೋದ ವಾರ ಯಾರು ಯಾವ ಒಳ್ಳೆಯ ಪ್ರಶ್ನೆ ಕೇಳಿದರು, ಎಲ್ಲಿ ಬಹಳ ಜನ ಎಡವಿದರು, ಈ ವಾರದ ವಿಡಿಯೋದಲ್ಲಿ ಯಾವ ಭಾಗ ಹಾರಿಸಿದರೂ ನಡೆಯುತ್ತದೆ. ಹೆಸರು ಹೇಳುವ ಮೊದಲು ಅವರನ್ನು ಒಂದು ಮಾತು ಕೇಳಿ. ಮತ್ತೆ ಆ ಆಡಿಯೋಗಳನ್ನು ಮುಂದಿನ ಸೆಮಿಸ್ಟರಿಗೆ ಅಂತ ಎತ್ತಿಡಬೇಡಿ, ಆಗ ಬರುವವರ ಹೆಸರುಗಳೂ ಬೇರೆ, ಅವರು ಎಡವುವ ಜಾಗವೂ ಬೇರೆ.